ಹಾಸಿಗೆ ಹಿಡಿಯುವ ಮೊದಲೇ ಬರಲಿ ನೆರವು: ವರ್ಕಾಡಿಯ ಒಂಟಿ ಹಿರಿಯರಿಗೆ ಬೇಕಾದುದೇನು?

ವರ್ಕಾಡಿ: ಗಡಿನಾಡಿನ ಹಳ್ಳಿಗಳಲ್ಲಿ ಮನೆಗಳು ದೊಡ್ಡದಾಗಿವೆ, ಮನೆಯೊಳಗಿನ ಜನ ಕಡಿಮೆಯಾಗಿದ್ದಾರೆ. ಮಗ ಗಲ್ಫಿನಲ್ಲಿ, ಮಗಳು ಬೆಂಗಳೂರಿನಲ್ಲಿ, ಇನ್ನೊಬ್ಬ ಮಂಗಳೂರಿನಲ್ಲಿ. ಅಡಿಕೆ ತೋಟದ ನಡುವಿನ ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಅಜ್ಜ ಮತ್ತು ಅಜ್ಜಿ. ಕೆಲವೆಡೆ ಇಬ್ಬರಲ್ಲಿ ಒಬ್ಬರು ಮಾತ್ರ. ವೃದ್ಧಾಶ್ರಮಕ್ಕೆ ಹೋಗಲು ಅವರಿಗೆ ಮನಸ್ಸಿಲ್ಲ, ಮಕ್ಕಳ ಫ್ಲ್ಯಾಟಿನಲ್ಲಿ ಹದಿನೈದು ದಿನಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ. ತುಳಸಿಕಟ್ಟೆ, ಹಟ್ಟಿ, ತೋಟ, ನೆರೆಕರೆ ಬಿಟ್ಟು ಎಲ್ಲಿಗೆ ಹೋಗುವುದು ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಅದಕ್ಕೆ ಉತ್ತರ ಕೊಡಬಲ್ಲ ವ್ಯವಸ್ಥೆ ನಮ್ಮ ಊರುಗಳಲ್ಲಿ ಇದೆಯೇ?

ಅರ್ಧ ಇದೆ ಎನ್ನಬೇಕು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವ ಕ್ರಮವನ್ನು ದೇಶದಲ್ಲೇ ಮೊದಲು ಊರೂರಿಗೆ ಮುಟ್ಟಿಸಿದ ರಾಜ್ಯ ಕೇರಳ. ಆದರೆ ಇನ್ನೂ ಎದ್ದು ಓಡಾಡುವ, ತಾವೇ ಗಂಜಿ ಬೇಯಿಸಿಕೊಳ್ಳುವ, ಎಲ್ಲವನ್ನೂ ಒಬ್ಬರೇ ನಿಭಾಯಿಸಲಾಗದ ಹಿರಿಯರ ಪಾಲಿಗೆ ನೆರವು ತೀರಾ ತೆಳುವಾಗಿದೆ. ಆ ತೆರಪನ್ನು ತುಂಬಬೇಕಾದವರು ಊರಿನವರೇ ಕಟ್ಟುವ, ಲಾಭದ ಉದ್ದೇಶವಿಲ್ಲದ ಸೇವಾ ಕೂಟಗಳು.

ಎಣಿಕೆ ಏನು ಹೇಳುತ್ತದೆ?

2011ರ ಜನಗಣತಿಯಂತೆ ದೇಶದಲ್ಲಿ ಅರುವತ್ತು ದಾಟಿದವರು ಶೇ. 8.6. ಕೇರಳದಲ್ಲಿ ಆಗಲೇ ಶೇ. 12.6. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ಆಯುಸ್ಸು ಹೆಚ್ಚಿದೆ, ಮಕ್ಕಳ ಸಂಖ್ಯೆ ಇಳಿದಿದೆ, ದುಡಿಯುವವರು ಊರು ಬಿಟ್ಟಿದ್ದಾರೆ. ಈ ಮೂರೂ ಸೇರಿದಾಗ ಹಿರಿಯರ ಪಾಲು ಏರುವುದು ಸಹಜ.

ಸರಕಾರ ಕಣ್ಣು ಮುಚ್ಚಿ ಕುಳಿತಿದೆ ಎನ್ನುವಂತಿಲ್ಲ. ಕೇರಳದ ಸಾಮಾಜಿಕ ಭದ್ರತಾ ಪಿಂಚಣಿ 2025ರ ನವೆಂಬರಿನಿಂದ ತಿಂಗಳಿಗೆ 1,600 ರೂಪಾಯಿಯಿಂದ 2,000 ರೂಪಾಯಿಗೆ ಏರಿತು. ಅದೇ ವರ್ಷ ಹಿರಿಯ ನಾಗರಿಕರಿಗಾಗಿಯೇ ಒಂದು ಆಯೋಗ ರಚಿಸುವ ಕಾನೂನನ್ನು ವಿಧಾನಸಭೆ ಅಂಗೀಕರಿಸಿತು. ಆದರೆ ಪಿಂಚಣಿ ಹಣ ಬಚ್ಚಲುಕೋಣೆಯಲ್ಲಿ ಜಾರಿ ಬಿದ್ದವರನ್ನು ಎತ್ತುವುದಿಲ್ಲ. ಆಯೋಗ ಗುಡ್ಡದ ಮೇಲಿನ ಮನೆಗೆ ರಕ್ತದೊತ್ತಡದ ಮಾತ್ರೆ ತಂದು ಕೊಡುವುದಿಲ್ಲ. ಆ ಕೆಲಸಕ್ಕೆ ಮನುಷ್ಯರೇ ಬೇಕು.

ಕಲ್ಲಿಕೋಟೆಯಿಂದ ಬಂದ ಪಾಠ

ಮನುಷ್ಯರನ್ನು ಒಗ್ಗೂಡಿಸುವುದು ಹೇಗೆ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೈನ್ ಆಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಎಂಬ ಸಂಸ್ಥೆ ಹುಟ್ಟುಹಾಕಿದರು. ಗುಣವಾಗದ ಕಾಯಿಲೆಯಿಂದ ನರಳುವವರ ನೋವು ಕಡಿಮೆ ಮಾಡುವುದು ಅದರ ಉದ್ದೇಶ. ಆದರೆ ಆಸ್ಪತ್ರೆಯಲ್ಲಿ ಕುಳಿತ ವೈದ್ಯರಿಂದ ಮಾತ್ರ ಇದು ಸಾಗದು ಎಂಬುದು ಬೇಗನೆ ಸ್ಪಷ್ಟವಾಯಿತು. ರೋಗಿ ಇರುವುದು ಮನೆಯಲ್ಲಿ. ಅವರ ತೊಂದರೆಯಲ್ಲಿ ಔಷಧಿಯದು ಒಂದು ಪಾಲು. ಒಂಟಿತನ, ಖರ್ಚು, ಮನೆಯವರ ಆಯಾಸ ಉಳಿದ ಪಾಲು.

ಹೀಗಾಗಿ 2000ದ ಆಸುಪಾಸಿನಲ್ಲಿ ಮಲಪ್ಪುರಂ ಸೇರಿದಂತೆ ಮಲಬಾರಿನ ಜಿಲ್ಲೆಗಳಲ್ಲಿ ನೆರೆಕರೆಯವರ ಜಾಲ ಕಟ್ಟಲಾಯಿತು. ನಿಯಮ ಸರಳ. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲವರು ಹೆಸರು ಕೊಡಬೇಕು. ಅವರಿಗೆ 16 ಗಂಟೆಗಳ ತರಗತಿ, ಆ ಬಳಿಕ ಅನುಭವಸ್ಥರ ಜತೆ ಮನೆಭೇಟಿ. ಶಿಕ್ಷಕರು, ವಿದ್ಯಾರ್ಥಿಗಳು, ಅಂಗಡಿಯವರು, ರಿಕ್ಷಾ ಚಾಲಕರು ಸೇರಿಕೊಂಡರು. ಖರ್ಚಿನ ದೊಡ್ಡ ಪಾಲು ಊರಿನವರ ಸಣ್ಣ ಸಣ್ಣ ದೇಣಿಗೆಯಿಂದಲೇ ಬಂತು.

ಇದು ಗಟ್ಟಿಯಾಗಿ ನಿಂತ ಬಳಿಕವೇ ಸರಕಾರ ಕೈಜೋಡಿಸಿತು. 2008ರಲ್ಲಿ ಕೇರಳ ಪಾಲಿಯೇಟಿವ್ ಆರೈಕೆಯ ನೀತಿ ಪ್ರಕಟಿಸಿತು. ದೇಶದಲ್ಲಿ ಇಂತಹ ನೀತಿ ತಂದ ಮೊದಲ ರಾಜ್ಯವಿದು. ಬಳಿಕ ಗ್ರಾಮ ಪಂಚಾಯತುಗಳ ಮಟ್ಟದಲ್ಲಿ ನರ್ಸ್ ನೇಮಕ, ಮನೆಭೇಟಿ, ಮೇಲಿನ ಹಂತದ ಆಸ್ಪತ್ರೆಗಳೊಂದಿಗೆ ಸಂಪರ್ಕ ಜಾರಿಗೆ ಬಂದವು. 2025ರಲ್ಲಿ ಸರಕಾರಿ ಘಟಕಗಳನ್ನೂ ಸೇವಾ ಸಂಸ್ಥೆಗಳನ್ನೂ ಸ್ವಯಂಸೇವಕರನ್ನೂ ಒಂದೇ ಜಾಲಕ್ಕೆ ತರುವ ‘ಕೇರಳ ಕೇರ್’ ಆರಂಭವಾಯಿತು. ಮೊದಲು ಊರಿನವರು, ಆಮೇಲೆ ಸರಕಾರ ಎಂಬ ಈ ಕ್ರಮ ಗಮನಾರ್ಹ.

ಎಲ್ಲಿ ತೆರಪು ಬಿದ್ದಿದೆ?

ಪಾಲಿಯೇಟಿವ್ ನರ್ಸಿನ ಪಟ್ಟಿಯಲ್ಲಿ ಹೆಸರು ಬರುವುದು ಸಾಮಾನ್ಯವಾಗಿ ಕಾಯಿಲೆ ಗಂಭೀರವಾದಾಗ. ಪಾರ್ಶ್ವವಾಯು ಬಡಿದಿರಬೇಕು, ಸೊಂಟದ ಎಲುಬು ಮುರಿದಿರಬೇಕು, ಕ್ಯಾನ್ಸರ್ ಇರಬೇಕು. ಸೊಂಟ ಮುರಿಯುವ ಮೊದಲು ಆ ಮನೆಗೆ ಯಾರೂ ಬಂದಿರುವುದಿಲ್ಲ. ಬಚ್ಚಲಿನ ಗೋಡೆಗೆ ಒಂದು ಹಿಡಿಕೋಲು, ಮೆಟ್ಟಿಲಿನ ಬಳಿ ಒಂದು ಬಲ್ಬು, ಜಾರುವ ಅಂಗಳದ ಪಾಚಿ ಕೆರೆದು ತೆಗೆಯಲು ಒಬ್ಬ ಆಳು. ಇಷ್ಟು ಸಿಕ್ಕಿದ್ದರೆ ಎಷ್ಟೋ ಮಂದಿಯ ಎಲುಬು ಉಳಿಯುತ್ತಿತ್ತು. ಮುದಿ ವಯಸ್ಸಿನಲ್ಲಿ ಒಂದು ಸಲ ಬಿದ್ದವರು ಅನೇಕರು ಹಿಂದಿನಂತೆ ನಡೆಯುವುದೇ ಇಲ್ಲ. ಸ್ವಂತ ಮನೆಯಲ್ಲಿ ಸ್ವಂತವಾಗಿ ಬದುಕುವ ಅವಕಾಶ ಅಲ್ಲಿಗೆ ಮುಗಿದ ಹಾಗೆ.

ದಿನನಿತ್ಯದ ಅಗತ್ಯಗಳೂ ಹಾಗೆಯೇ. ವರ್ಷಕ್ಕೊಮ್ಮೆ ಬರುವ ಪಿಂಚಣಿ ಮಸ್ಟರಿಂಗಿಗೆ ಅಕ್ಷಯ ಕೇಂದ್ರಕ್ಕೆ ಹೋಗಬೇಕು. ಹಾಸಿಗೆಯಲ್ಲಿರುವವರಾದರೆ ಕೇಂದ್ರದವರೇ ಮನೆಗೆ ಬರುವ ಕ್ರಮವಿದೆ. ಆದರೆ ನಡೆಯಬಲ್ಲ ಎಂಬ ಒಂದೇ ಕಾರಣಕ್ಕೆ ಎಂಬತ್ತರ ಅಜ್ಜ ಬಸ್ಸು ಹತ್ತಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ರೇಶನ್ ತರುವುದು, ಕರೆಂಟ್ ಬಿಲ್ಲು ಕಟ್ಟುವುದು, ಮಾತ್ರೆ ತೀರುವ ಮೊದಲು ತರಿಸುವುದು, ಮಳೆಗಾಲದಲ್ಲಿ ತೋಡಿನ ಸಂಕ ದಾಟುವುದು, ಇವೆಲ್ಲ ಯಾವ ಇಲಾಖೆಯ ಕಡತದಲ್ಲೂ ಇಲ್ಲದ ಕೆಲಸಗಳು.

ಹಣವಿದ್ದವರು ಹೋಂನರ್ಸ್ ಇಡಬಹುದು. ಕುಟುಂಬಶ್ರೀ ಕೂಡ 2024ರಲ್ಲಿ ಕೆ-ಫೋರ್ ಕೇರ್ ಎಂಬ ಹೆಸರಿನಲ್ಲಿ ತರಬೇತಾದ ಮಹಿಳೆಯರನ್ನು ಸಂಬಳದ ಮೇಲೆ ಮನೆಗಳಿಗೆ ಕಳುಹಿಸುವ ಯೋಜನೆ ಆರಂಭಿಸಿತು. ಹೆಂಗಸರಿಗೆ ದುಡಿಮೆ, ಹಿರಿಯರಿಗೆ ಆಸರೆ ಎಂಬ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ. ಆದರೆ ಪಿಂಚಣಿಯನ್ನೇ ನಂಬಿದವರಿಗೆ ದಿನದ ಸಂಬಳ ಕೊಡುವುದು ಸಾಧ್ಯವಿಲ್ಲ. ಇಂಥವರ ಮನೆಯಲ್ಲಿ ಈ ಕೆಲಸವೆಲ್ಲ ಬೀಳುವುದು ಸೊಸೆಯ ಅಥವಾ ಮದುವೆಯಾಗದೆ ಉಳಿದ ಮಗಳ ತಲೆಗೆ. ಆಕೆಗೆ ವಾರಕ್ಕೆ ಅರ್ಧ ದಿನ ಬಿಡುವು ಕೊಡುವವರು ಯಾರೂ ಇಲ್ಲ.

ಗಡಿಯ ಎರಡು ತೊಡಕು

ವರ್ಕಾಡಿಗೆ ಇದರ ಜತೆ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದು ದಾರಿ. ಪಾವೂರು, ಕೊಡ್ಲಮೊಗರು, ಪಾತೂರು ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ನೆನಪಾಗುವುದು ದೇರಳಕಟ್ಟೆ ಮತ್ತು ಮಂಗಳೂರು. ಚಿಕಿತ್ಸೆ ಕರ್ನಾಟಕದಲ್ಲಿ, ಪಿಂಚಣಿ, ಆಶಾ ಕಾರ್ಯಕರ್ತೆ, ಪಾಲಿಯೇಟಿವ್ ನರ್ಸ್ ಕೇರಳದಲ್ಲಿ. ದೇರಳಕಟ್ಟೆಯ ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಯ ಸುದ್ದಿ ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಾನಾಗಿ ತಲುಪುವುದಿಲ್ಲ. ಡಿಸ್ಚಾರ್ಜ್ ಚೀಟಿ ಕಪಾಟಿನಲ್ಲಿ ಉಳಿಯುತ್ತದೆ. ಗಾಯಕ್ಕೆ ಮದ್ದು ಕಟ್ಟಲು, ಮೂತ್ರದ ನಳಿಕೆ ಬದಲಾಯಿಸಲು ಕಾರು ಮಾಡಿಕೊಂಡು ಮತ್ತೆ ದೇರಳಕಟ್ಟೆಗೆ ಹೋಗುತ್ತಾರೆ. ಇದೇ ಕೆಲಸವನ್ನು ಪಂಚಾಯತಿನ ನರ್ಸ್ ಮನೆಗೆ ಬಂದು ಮಾಡಬಹುದು ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಈ ದಾರಿ ಎಷ್ಟು ನಾಜೂಕು ಎಂಬುದನ್ನು 2020 ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಜೇಶ್ವರ ತಾಲೂಕಿನ ಹಲವು ರೋಗಿಗಳು ಮಂಗಳೂರು ತಲುಪಲಾಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದ ಬಳಿಕ ರೋಗಿಗಳಿಗೆ ಷರತ್ತಿನ ಮೇಲೆ ದಾರಿ ಬಿಡಲಾಯಿತು. ಗಡಿ ತೆರೆದು ಎಷ್ಟೋ ಕಾಲವಾಯಿತು, ಆದರೆ ಆಗ ಕಲಿತ ಪಾಠ ಮರೆಯುವಂಥದ್ದಲ್ಲ. ಮನೆಯ ಹತ್ತಿರದ ನೆರವು ಗಟ್ಟಿ ಇದ್ದಷ್ಟೂ ಹಿರಿಯರು ಸುರಕ್ಷಿತ.

ಎರಡನೆಯದು ಭಾಷೆ. ಇಲ್ಲಿನ ಹಿರಿಯರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮಾತನಾಡುವವರಾದರೂ ಶಾಲೆಯಲ್ಲಿ ಕಲಿತದ್ದು ಬಹುಪಾಲು ಕನ್ನಡ. ಸಂತೆಯ ಮಲಯಾಳ ಅವರಿಗೆ ಗೊತ್ತು. ಔಷಧಿಯ ಹೊತ್ತು, ಅರ್ಜಿಯ ಷರತ್ತು ಮಲಯಾಳದಲ್ಲಿ ಬರೆದರೆ ಓದಲಾಗದು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಸಿಬಂದಿಗೆ ಕನ್ನಡ, ತುಳು ಬಾರದಿದ್ದರೆ ಅದು ಅವರ ತಪ್ಪಲ್ಲ. ಆದರೆ ಎದೆನೋವನ್ನೋ ಮೂತ್ರದ ತೊಂದರೆಯನ್ನೋ ಪರಭಾಷೆಯಲ್ಲಿ ವಿವರಿಸಲು ಎಂಬತ್ತರ ಅಜ್ಜಿಗೆ ಆಗುವುದಿಲ್ಲ. ‘ಏನಿಲ್ಲ, ಸೌಖ್ಯವಿದೆ’ ಎಂದು ಹೇಳಿ ಕಳುಹಿಸುತ್ತಾರೆ. ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ. ಹಾಸಿಗೆಯ ಬಳಿ ಈ ಹಕ್ಕು ಉಳಿಯಬೇಕಾದರೆ ನರ್ಸಿನ ಜತೆ ಊರಿನ ಮಾತು ಬಲ್ಲ ಒಬ್ಬ ಸ್ವಯಂಸೇವಕಿ ಬೇಕು.

ಹೊರಗಿನವರು ಏನು ಮಾಡಿದ್ದಾರೆ?

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಎಂಬ ಸೇವಾ ಸಂಸ್ಥೆ ಅಲ್ಲಿನ ಪೊಲೀಸರ ಜತೆ ಸೇರಿ 2002ರಲ್ಲಿ 1090 ಎಂಬ ಹಿರಿಯರ ಸಹಾಯವಾಣಿ ಆರಂಭಿಸಿತು. ಒಂಟಿಯಾಗಿರುವ ಹಿರಿಯರ ದೂರು, ಭಯ, ಮನೆಯೊಳಗಿನ ಕಿರುಕುಳ ಎಲ್ಲವೂ ಅಲ್ಲಿಗೆ ಬಂದವು. ದೇಶಮಟ್ಟದಲ್ಲಿ ಈಗ 14567 ಸಂಖ್ಯೆಯ ಎಲ್ಡರ್‌ಲೈನ್ ಇದೆ.

ಅದೇ 2002ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಬೀಕನ್ ಹಿಲ್ ಎಂಬ ಕೇರಿಯ ಹಿರಿಯರು ತಾವೇ ಒಂದು ಸಂಘ ಕಟ್ಟಿಕೊಂಡರು. ವರ್ಷಕ್ಕಿಷ್ಟು ಎಂದು ಚಂದಾ ಕೊಡುವುದು. ವಾಹನ, ರಿಪೇರಿ, ಆಸ್ಪತ್ರೆಗೆ ಜತೆಗಾರರು ಬೇಕಾದಾಗ ಒಂದು ಕಚೇರಿಗೆ ಫೋನ್ ಮಾಡುವುದು. ಮನೆ ಬಿಟ್ಟು ಹೋಗಬಾರದು ಎಂಬ ಒಂದೇ ಹಠ ಅವರದು. ಮುಂದೆ ಅಮೆರಿಕದ ಬೇರೆ ಊರುಗಳಲ್ಲೂ ಇಂತಹ ಸಂಘಗಳು ಹುಟ್ಟಿದವು. ಅಲ್ಲಿ ಚಂದಾ ಕೊಡುವ ಶಕ್ತಿ ಇದೆ, ಇಲ್ಲಿ ಇಲ್ಲ. ಆದರೆ ಅಲ್ಲಿ ಸಂಘ ಕಟ್ಟಿ ಪಡೆಯಬೇಕಾದ ನೆರೆಕರೆ ಇಲ್ಲಿ ಮೊದಲೇ ಇದೆ.

ವರ್ಕಾಡಿಯಲ್ಲಿ ಏನು ಸಾಧ್ಯ?

ಯುವಕ ಮಂಡಲ, ಭಜನಾ ಮಂದಿರ, ಇಗರ್ಜಿಯ ಸಂಘಟನೆಗಳು, ಜಮಾಅತ್, ಕುಟುಂಬಶ್ರೀ ಘಟಕ, ಧರ್ಮಸ್ಥಳ ಯೋಜನೆಯ ಸ್ವಸಹಾಯ ಸಂಘ, ಹಾಲಿನ ಸೊಸೈಟಿ, ನಿವೃತ್ತ ಶಿಕ್ಷಕರು. ಜನಬಲಕ್ಕೆ ಬರಗಾಲವಿಲ್ಲ. ಕೊರತೆ ಇರುವುದು ಜೋಡಣೆಯಲ್ಲಿ. ಒಂದು ಸಂಘಟನೆ ಗಾಲಿಕುರ್ಚಿ ವಿತರಿಸುತ್ತದೆ, ಫೊಟೋ ಬರುತ್ತದೆ. ಆರು ತಿಂಗಳಲ್ಲಿ ಗಾಲಿ ಮುರಿದರೆ ಕೇಳುವವರಿಲ್ಲ. ಇನ್ನೊಂದು ಸಂಘಟನೆ ತನ್ನ ಸಮುದಾಯದವರ ಮನೆಗೆ ಮಾತ್ರ ಹೋಗುತ್ತದೆ. ಪಕ್ಕದ ಮನೆಯ ಅಜ್ಜ ಬೇರೆ ಜಾತಿ, ಬೇರೆ ಧರ್ಮ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಮನೆ ಮನೆಗೆ ಹೋಗುವ ಸೇವೆಯಲ್ಲಿ ಇದು ನಡೆಯಬಾರದು.

ಕೆಲಸ ಶುರು ಮಾಡಲು ದೊಡ್ಡ ನಿಧಿ ಬೇಡ. ಮೊದಲು ವಾರ್ಡಿಗೊಂದು ಪಟ್ಟಿ: ಒಂಟಿಯಾಗಿರುವ ಹಿರಿಯರು ಯಾರು, ಯಾವ ಭಾಷೆ, ಯಾವ ಮದ್ದು, ಯಾರ ಫೋನ್ ನಂಬರ್. ಬಳಿಕ ಹತ್ತು ಮನೆಗೆ ಇಬ್ಬರು ಸ್ವಯಂಸೇವಕರು, ವಾರಕ್ಕೊಂದು ಭೇಟಿ, ಎರಡು ದಿನಕ್ಕೊಂದು ಫೋನ್. ಮಳೆಗಾಲಕ್ಕೆ ಮೊದಲು ಅಂಗಳ, ಬಚ್ಚಲು, ದೀಪದ ತಪಾಸಣೆ. ವಾಕರ್, ನೀರುಹಾಸಿಗೆ, ಗಾಲಿಕುರ್ಚಿಗಳನ್ನು ಒಂದೇ ಕಡೆ ಇಟ್ಟು, ಬೇಕಾದಾಗ ಕೊಟ್ಟು, ಬೇಡವಾದಾಗ ಹಿಂದೆ ಪಡೆಯುವ ಪದ್ಧತಿ. ಮಂಗಳೂರು ಕಡೆಯ ಆಸ್ಪತ್ರೆಯಿಂದ ಮನೆಗೆ ಬಂದವರ ಚೀಟಿಯ ಪ್ರತಿಯನ್ನು ಇಲ್ಲಿನ ನರ್ಸಿಗೆ ತಲುಪಿಸುವ ಹೊಣೆ ಒಬ್ಬರಿಗೆ.

ಎಚ್ಚರವೂ ಬೇಕು. ಒಂಟಿ ಮನೆಗೆ ಅಪರಿಚಿತರು ಹೋಗುವುದು ಸಣ್ಣ ವಿಷಯವಲ್ಲ. ಇಬ್ಬರು ಜತೆಯಾಗಿಯೇ ಹೋಗಬೇಕು, ಭೇಟಿಯನ್ನು ಪುಸ್ತಕದಲ್ಲಿ ಬರೆಯಬೇಕು. ಎಟಿಎಂ ಕಾರ್ಡ್, ಪಾಸ್ ಪುಸ್ತಕ, ಜಾಗದ ದಾಖಲೆ ಮುಟ್ಟಬಾರದು. ಮದ್ದು ಬದಲಿಸುವ ಸಲಹೆ ಕೊಡಬಾರದು. ಅಜ್ಜಿ ಬೇಡ ಎಂದರೆ ಅಂಗಳದಿಂದಲೇ ಮಾತನಾಡಿ ಹಿಂದಿರುಗಬೇಕು. ಸ್ವಂತವಾಗಿ ಬದುಕುವುದು ಎಂಬುದರಲ್ಲಿ ಬೇಡ ಎನ್ನುವ ಹಕ್ಕೂ ಸೇರಿದೆ.

ಇದಕ್ಕೆಲ್ಲ ಪಂಚಾಯತಿನ ನೆರಳು ಬೇಕು. 2025ರ ಡಿಸೆಂಬರಿನಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದು ಹೊಸ ಆಡಳಿತ ಸಮಿತಿಗಳು ಅಧಿಕಾರಕ್ಕೆ ಬಂದವು. ಹಿರಿಯರಿಗಾಗಿ ಯೋಜನಾ ಹಣದಲ್ಲಿ ಪಾಲು ತೆಗೆದಿಡಲು, ಹಿರಿಯರದ್ದೇ ಪ್ರತ್ಯೇಕ ಗ್ರಾಮಸಭೆ ಕರೆಯಲು ಪಂಚಾಯತಿಗೆ ಅವಕಾಶವಿದೆ. ಆ ಸಭೆ ಕನ್ನಡದಲ್ಲೂ ತುಳುವಿನಲ್ಲೂ ನಡೆಯಲಿ, ನಡೆಯಲಾಗದವರನ್ನು ಜೀಪಿನಲ್ಲಿ ಕರೆತರಲಿ. ಕಟ್ಟಡಕ್ಕೆ ಶಿಲಾನ್ಯಾಸ ಮಾಡುವ ಮೊದಲು ಬಚ್ಚಲಿನ ಹಿಡಿಕೋಲಿಗೆ ಹಣ ಇಡಲಿ.

ಊರು ಬಿಟ್ಟ ಮಕ್ಕಳಿಗೂ ಒಂದು ಮಾತು. ತಿಂಗಳಿಗೆ ಹಣ ಕಳುಹಿಸುವುದು, ಜಗಲಿಗೆ ಕ್ಯಾಮರಾ ಇಡುವುದು ಒಳ್ಳೆಯದೇ. ಆದರೆ ಅಮ್ಮ ಬಿದ್ದದ್ದನ್ನು ಕ್ಯಾಮರಾ ತೋರಿಸುತ್ತದೆ, ಎತ್ತುವುದು ನೆರೆಮನೆಯವರು. ಊರಿನಲ್ಲಿ ಇಂತಹ ಕೂಟ ಹುಟ್ಟಿದರೆ ಅದಕ್ಕೆ ವರ್ಷಕ್ಕಿಷ್ಟು ಎಂದು ಕೊಡುವುದು, ರಜೆಯಲ್ಲಿ ಬಂದಾಗ ಎರಡು ಮನೆಗೆ ಹೋಗಿ ಬರುವುದು ಅವರ ಪಾಲಿನ ಕೆಲಸ. ಹೆತ್ತವರ ಮನೆಯ ದೀಪ ಉರಿಯುತ್ತಿರಬೇಕಾದರೆ ನೆರೆಮನೆಯ ಅಜ್ಜಿಯ ದೀಪವನ್ನೂ ನೋಡಿಕೊಳ್ಳಬೇಕಾಗುತ್ತದೆ.