ತೂಕ ನಿಲ್ಲಲಿ, ಆಮೇಲೆ ಮುಖದ ಮಾತು

ಮಹಾನಗರಗಳಲ್ಲಿ ಈಚೆಗೆ ಒಂದು ಹೊಸ ವ್ಯಾಪಾರ ಕುದುರಿಕೊಂಡಿದೆ. ತೂಕ ಇಳಿಸುವ ಚುಚ್ಚುಮದ್ದು ಒಂದು ಕಡೆ; ತೂಕ ಇಳಿದು ಜೋಲು ಬಿದ್ದ ಮುಖವನ್ನು ಎತ್ತಿ ಬಿಗಿಮಾಡುವ ಫೇಸ್‌ಲಿಫ್ಟ್ ಶಸ್ತ್ರಕ್ರಿಯೆ ಇನ್ನೊಂದು ಕಡೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಮಗಳ ಮದುವೆಯ ಹೊತ್ತಿಗೆ ತಾಯಿಯೂ ಮದುಮಗಳಂತೆ ಕಂಡಾಳು ಎಂಬ ಧಾಟಿಯಲ್ಲಿ ಆಸೆ ಹುಟ್ಟಿಸುವವರು ಹೆಚ್ಚುತ್ತಿದ್ದಾರೆ. ನಮ್ಮ ಕನ್ನಡ ಕುಟುಂಬಗಳೂ ಈ ಮಾತಿಗೆ ಕಿವಿಗೊಡುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು.

ತೂಕ ಇಳಿಸುವುದನ್ನು ನಾವು ವಿರೋಧಿಸುವವರಲ್ಲ. ಫೇಸ್‌ಲಿಫ್ಟ್ ಮಾಡಿಸಿಕೊಂಡವರನ್ನು ಹಂಗಿಸುವವರೂ ಅಲ್ಲ. ಅವರವರ ಮುಖ, ಅವರವರ ಹಣ. ನಮ್ಮ ತಕರಾರು ಆತುರದ ಬಗ್ಗೆ. ತೂಕ ಇನ್ನೂ ಇಳಿಯುತ್ತಿರುವಾಗ ಮುಖಕ್ಕೆ ಕತ್ತಿ ತಾಗಿಸಬಾರದು. ಇಳಿದ ತೂಕ ಒಂದೇ ಮಟ್ಟದಲ್ಲಿ ಆರು ತಿಂಗಳಾದರೂ ನಿಂತ ಮೇಲೆಯೇ ಆ ಯೋಚನೆ ಮಾಡತಕ್ಕದ್ದು. ಇದು ನಮ್ಮ ಸ್ವಂತ ಕಲ್ಪನೆಯಲ್ಲ. ಹೊಣೆಯರಿತ ಪ್ಲಾಸ್ಟಿಕ್ ಶಸ್ತ್ರವೈದ್ಯರು ಹೇಳುವುದೂ ಇದನ್ನೇ. ಜಾಹೀರಾತಿನಲ್ಲಿ ಮಾತ್ರ ಈ ಮಾತಿಗೆ ಜಾಗವಿರುವುದಿಲ್ಲ.

ಕಾರಣ ಸರಳ. ಮುಖ ತುಂಬಿಕೊಂಡಂತೆ ಕಾಣುವುದು ಬರಿಯ ಚರ್ಮದಿಂದಲ್ಲ, ಅದರಡಿಯ ಕೊಬ್ಬಿನಿಂದ. ಆ ಕೊಬ್ಬು ಒಂದೇ ಹಾಸಾಗಿರದೆ ಕೆನ್ನೆ, ಕಣ್ಣಿನ ಕೆಳಗು, ಕಣತಲೆ ಎಂದು ಬೇರೆ ಬೇರೆ ಅರೆಗಳಲ್ಲಿ ಹಂಚಿಕೊಂಡಿರುತ್ತದೆಂದು ಅಮೆರಿಕದ ರೋರಿಕ್ ಮತ್ತು ಪೆಸ್ಸಾ ಎಂಬ ವೈದ್ಯರು 2007ರಲ್ಲಿ ತೋರಿಸಿಕೊಟ್ಟರು. ದೇಹ ಇಳಿಯುವಾಗ ಈ ಅರೆಗಳೂ ಬರಿದಾಗುತ್ತವೆ. ಇಪ್ಪತ್ತೈದರ ಚರ್ಮವಾದರೆ ತಿಂಗಳುಗಳು ಕಳೆದಂತೆ ಸಾಕಷ್ಟು ಕುಗ್ಗಿಕೊಳ್ಳುತ್ತದೆ. ಐವತ್ತರ ಹೊತ್ತಿಗೆ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳ ಬಿಗಿ ಸಡಿಲಾಗಿರುತ್ತದೆ. ಬಿಸಿಲು, ಸಿಗರೇಟು ಅದನ್ನು ಇನ್ನಷ್ಟು ಸಡಿಲಿಸಿರುತ್ತವೆ. ಆಗ ಕೆನ್ನೆ ಗುಳಿ ಬೀಳುತ್ತದೆ, ಗದ್ದದ ಅಂಚು ಜೋಲುತ್ತದೆ. ಇದಕ್ಕೆ 'ಓಜೆಂಪಿಕ್ ಮುಖ' ಎಂದು ಪತ್ರಿಕೆಗಳು ಹೆಸರಿಟ್ಟಿವೆ. ಆದರೆ ತಪ್ಪು ಔಷಧದ್ದಲ್ಲ. ಯಾವ ದಾರಿಯಿಂದ ಬೇಗ ಬೇಗ ಇಳಿದರೂ ಮುಖದ ಗತಿ ಇದೇ.

ಫೇಸ್‌ಲಿಫ್ಟ್ ಏನು ಮಾಡುತ್ತದೆ? ಕಿವಿಯ ಮುಂದೆ ಹಿಂದೆ ಕೊಯ್ದು, ಚರ್ಮವನ್ನೂ ಅದರಡಿಯ ಪೊರೆಯನ್ನೂ ಎತ್ತಿ ಹೊಲಿದು, ಮಿಕ್ಕ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಎಸ್.ಎಂ.ಎ.ಎಸ್. ಎಂದು ಕರೆಯುವ ಆ ಪೊರೆಯನ್ನು ಫ್ರಾನ್ಸಿನ ಮಿಟ್ಸ್ ಮತ್ತು ಪೇರೋನಿ 1976ರಲ್ಲಿ ವಿವರಿಸಿದ ಮೇಲೆ ಈ ವಿದ್ಯೆ ಬಹಳ ಸುಧಾರಿಸಿದೆ. ಆದರೂ ಮೂಲ ಸಂಗತಿ ಬದಲಾಗಿಲ್ಲ: ಫೇಸ್‌ಲಿಫ್ಟ್ ಎಳೆಯುತ್ತದೆ, ತುಂಬುವುದಿಲ್ಲ. ಬರಿದಾದ ಕೆನ್ನೆಯ ಮೇಲೆ ಚರ್ಮವನ್ನು ಎಳೆದು ಹೊಲಿದರೆ ಯೌವನ ಬರುವುದಿಲ್ಲ. ತಮಟೆಯ ಮೇಲೆ ಬಿಗಿದ ತೊಗಲಿನ ಹಾಗೆ ಕಂಡೀತು.

ಇನ್ನು ಹೊತ್ತಿನ ಪ್ರಶ್ನೆ. ದಿನೇ ದಿನೇ ಇಳಿಯುತ್ತಿರುವ ಹೆಂಗಸು ಈ ತಿಂಗಳ ಅಳತೆಗೆ ರವಿಕೆ ಹಿಡಿಸಿದರೆ, ಮುಂದಿನ ತಿಂಗಳು ಮತ್ತೆ ದರ್ಜಿಯ ಮುಂದೆ ನಿಲ್ಲಬೇಕು. ರವಿಕೆಯನ್ನಾದರೆ ಬಿಚ್ಚಿ ಹೊಲಿಯಬಹುದು. ಕತ್ತರಿಸಿ ಎಸೆದ ಚರ್ಮವನ್ನು ಎಲ್ಲಿಂದ ತರುವುದು? ಶಸ್ತ್ರಕ್ರಿಯೆಯ ಮೇಲೆ ಮತ್ತೆ ಹತ್ತು ಕಿಲೋ ಇಳಿದರೆ ಮುಖ ಪುನಃ ಜೋಲುತ್ತದೆ. ಹತ್ತು ಕಿಲೋ ಏರಿದರೆ ಬಿಗಿಮಾಡಿದ ಚರ್ಮ ಹಿಗ್ಗಿ, ಮಾಡಿಸಿದ ಕೆಲಸ ಅಳಿಯುತ್ತದೆ. ಎರಡು ಮೂರು ಕಿಲೋಗಳ ಏರಿಳಿತಕ್ಕೆ ಯಾರೂ ಹೆದರಬೇಕಾಗಿಲ್ಲ.

ಚುಚ್ಚುಮದ್ದಿನ ಲೆಕ್ಕ ನೋಡಿದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ದೇಶದಲ್ಲಿ 2025ರ ಮಾರ್ಚಿಯಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೋವಿ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಮೇಲೆ 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು. ಎಂದರೆ 80 ಕಿಲೋ ಇದ್ದವರಿಗೆ ಸುಮಾರು 12 ಕಿಲೋ, ಅದೂ ಒಂದು ವರ್ಷ ದಾಟಿದ ಮೇಲೆ. ನಾಲ್ಕನೇ ತಿಂಗಳಿನಲ್ಲಿ ಕನ್ನಡಿಯಲ್ಲಿ ಕಾಣುವುದು ದಾರಿಯ ನಡುವಿನ ಮುಖ, ಊರು ಸೇರಿದ ಮುಖವಲ್ಲ. ಅದೇ ಪರೀಕ್ಷೆಯ ಮುಂದುವರಿಕೆ 2022ರಲ್ಲಿ ಹೊರಬಂತು: ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಸರಾಸರಿಯಲ್ಲಿ ಮರಳಿ ಬಂದಿತ್ತು. ಹೀಗಿರುವಾಗ, ಔಷಧ ಮುಂದುವರಿಸುತ್ತೀರೋ ನಿಲ್ಲಿಸುತ್ತೀರೋ ಎಂದು ಸಹ ಕೇಳದೆ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡುವವರನ್ನು ಏನೆಂದು ಕರೆಯೋಣ? ಹೊಟ್ಟೆಯ ಗಾತ್ರ ಕಿರಿದುಮಾಡುವ ಶಸ್ತ್ರಕ್ರಿಯೆಯಿಂದ ಇಳಿದವರಿಗಂತೂ ಜೋಲು ಚರ್ಮದ ಯೋಚನೆಗೆ ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯಿರಿ ಎಂದೇ ಹೇಳುವ ವಾಡಿಕೆಯಿದೆ.

ಇದಕ್ಕೆ ಎದುರು ಮಾತುಗಳುಂಟು. ವಯಸ್ಸು ಕಾಯುತ್ತದೆಯೇ ಎನ್ನುವವರಿದ್ದಾರೆ. ಆರು ತಿಂಗಳಲ್ಲಿ ವಯಸ್ಸು ಮಾಡುವ ಕೇಡಿಗಿಂತ, ನಿಲ್ಲದ ತೂಕ ಮಾಡುವ ಕೇಡು ದೊಡ್ಡದು. ಮೇಲಾಗಿ ಕಾದವರಲ್ಲಿ ಕೆಲವರಿಗೆ, ಅದರಲ್ಲೂ ವಯಸ್ಸು ಚಿಕ್ಕದಾದವರಿಗೆ, ಚರ್ಮ ತಾನೇ ಕುಗ್ಗಿ ಶಸ್ತ್ರಕ್ರಿಯೆಯ ಅಗತ್ಯವೇ ಬೀಳದೆ ಹೋಗಬಹುದು. ಮಾರುವವರಿಗೆ ಕಾಯುವುದು ಏಕೆ ಹಿಡಿಸುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬರಿದಾದ ಜಾಗಕ್ಕೆ ಹೊಟ್ಟೆಯದೋ ತೊಡೆಯದೋ ಕೊಬ್ಬು ತುಂಬುತ್ತೇವಲ್ಲ ಎನ್ನುವವರೂ ಇದ್ದಾರೆ. ನಿಜ, ಇದು ಒಪ್ಪತಕ್ಕ ಚಿಕಿತ್ಸೆ. ಬಹಳ ಇಳಿದವರಿಗೆ ಫೇಸ್‌ಲಿಫ್ಟಿನೊಡನೆ ಇದೂ ಬೇಕಾಗುತ್ತದೆ. ಆದರೆ ತುಂಬಿದ ಕೊಬ್ಬಿನಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಉಳಿದ ಪಾಲು ತೂಕದೊಡನೆ ಏರುತ್ತದೆ, ಇಳಿಯುತ್ತದೆ. ಅಲ್ಲಿಗೆ ಮಾತು ಮತ್ತೆ ತೂಕದ ಬಳಿಗೇ ಬಂದು ನಿಂತಿತು.

ಆತುರದಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ಈ ಚುಚ್ಚುಮದ್ದುಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆ ಕೊಟ್ಟಾಗ ಅದು ಶ್ವಾಸಕೋಶಕ್ಕೆ ನುಗ್ಗುವ ಭಯವಿದೆ. ಅಮೆರಿಕದ ಅರಿವಳಿಕೆ ವೈದ್ಯರ ಸಂಘ 2023ರ ಜೂನಿನಲ್ಲಿ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧವನ್ನು ಶಸ್ತ್ರಕ್ರಿಯೆಗೆ ಒಂದು ವಾರ ಮೊದಲೇ ನಿಲ್ಲಿಸಲು ಹೇಳಿತು. 2024ರ ಅಕ್ಟೋಬರಿನಲ್ಲಿ ಹಲವು ಸಂಘಗಳು ಕೂಡಿ ಇದನ್ನು ತಿದ್ದಿ, ಹೆಚ್ಚಿನವರು ಔಷಧ ಮುಂದುವರಿಸಬಹುದು, ಅಪಾಯ ಹೆಚ್ಚಿರುವವರು ಮೊದಲ 24 ಗಂಟೆ ದ್ರವಾಹಾರದಲ್ಲಿರಲಿ ಎಂದವು. ಯಾರಿಗೆ ಯಾವುದೆಂದು ತೀರ್ಮಾನಿಸಬೇಕಾದವರು ವೈದ್ಯರು. ಆದ್ದರಿಂದ ಚುಚ್ಚುಮದ್ದಿನ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುವುದು ಅಪಾಯಕ್ಕೆ ಬಾಗಿಲು ತೆರೆದಂತೆ.

ಇನ್ನೊಂದು ಸಂಗತಿ ನಮ್ಮ ಅಡಿಗೆಮನೆಯದು. ಅನ್ನ ಸಾರು ಮಜ್ಜಿಗೆಯ ಊಟದಲ್ಲಿ ಪ್ರೋಟೀನು ಮೊದಲೇ ಕಡಿಮೆ. ಹಸಿವು ಸತ್ತು ಆ ಊಟವೂ ಅರ್ಧವಾದರೆ ಮಾಂಸಖಂಡ ಕರಗುತ್ತದೆ, ಕಬ್ಬಿಣ ಮತ್ತು ಬಿ12 ಕೊರತೆ ತಲೆದೋರಬಹುದು. ಇಂಥ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಚರ್ಮದಡಿ ರಕ್ತ ಕಟ್ಟುವುದು, ಮುಖದ ನರಕ್ಕೆ ಪೆಟ್ಟಾಗುವುದು ಈ ಶಸ್ತ್ರಕ್ರಿಯೆಯ ತಿಳಿದ ಅಪಾಯಗಳು. ನಮ್ಮ ಕಂದುಬಣ್ಣದ ಚರ್ಮದಲ್ಲಿ ಕಲೆ ದಪ್ಪಗಟ್ಟುವ ಸಂಭವವೂ ಹೆಚ್ಚು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡಳು. ಅದು ಫೇಸ್‌ಲಿಫ್ಟ್ ಅಲ್ಲ. ಆದರೆ ಅಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಯೂ ಶಸ್ತ್ರಕ್ರಿಯೆಯೇ ಎಂಬುದನ್ನು ಮರೆಯಬಾರದು.

ಹಣದ ಮಾತನ್ನೂ ಆಡಿಬಿಡೋಣ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳಂಥ ಕಾರಣವಿಲ್ಲದೆ ಅಂದಕ್ಕಾಗಿ ಮಾಡಿಸಿದ ಶಸ್ತ್ರಕ್ರಿಯೆಯನ್ನು ಆರೋಗ್ಯ ವಿಮೆ ಹೊರಗಿಡುತ್ತದೆ. ವೈದ್ಯಕೀಯ ಸೇವೆಗೆ ಜಿ.ಎಸ್.ಟಿ.ಯಿಂದ ವಿನಾಯಿತಿ ಕೊಟ್ಟ 2017ರ ಅಧಿಸೂಚನೆಯೂ ಇಂಥದನ್ನು ಹೊರಗೆ ನಿಲ್ಲಿಸಿತು. ಸಂಬಳದಾರರ ಮನೆಯಲ್ಲಿ ಇದು ಭವಿಷ್ಯನಿಧಿಯಿಂದಲೋ ಒಡವೆಯ ಪೆಟ್ಟಿಗೆಯಿಂದಲೋ ಹೊರಡುವ ದುಡ್ಡು. ಒಮ್ಮೆ ಖರ್ಚುಮಾಡುವುದೇ ಕಷ್ಟ; ಆತುರಪಟ್ಟು ಎರಡು ಸಲ ಮಾಡುವುದೆಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಎಲ್ಲ ತಪ್ಪನ್ನೂ ವ್ಯಾಪಾರಿಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಈ ಆತುರಕ್ಕೆ ಎಣ್ಣೆ ಹೊಯ್ಯುವವರು ನಮ್ಮವರೇ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ, ಸಂಘದ ನಾಟಕದ ವಿರಾಮದಲ್ಲಿ, "ಏನ್ರೀ, ಮುಖವೆಲ್ಲಾ ಬಾಡಿಹೋಯ್ತಲ್ಲ, ಏನು ಕಾಯಿಲೆ?" ಎಂದು ನಾಲ್ಕು ಜನರೆದುರು ಕೇಳುವುದು ಅಕ್ಕರೆಯೆಂದು ನಾವು ತಿಳಿದಿದ್ದೇವೆ. ಕೇಳಿಸಿಕೊಂಡಾಕೆ ಸಕ್ಕರೆ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟ ಔಷಧ ತೆಗೆದುಕೊಳ್ಳುತ್ತಿರಬಹುದು. ಸಕ್ಕರೆ ಹಿಡಿತಕ್ಕೆ ಬಂದು, ಮೊಣಕಾಲಿನ ನೋವು ತಗ್ಗಿ, ಮೆಟ್ಟಿಲು ಹತ್ತುವುದು ಹಗುರವಾಗಿರಬಹುದು. ಈ ಒಂದು ಮಾತಿಗೆ ಆಕೆ ಔಷಧವನ್ನೇ ಬಿಟ್ಟರೆ, ಇಲ್ಲವೆ ಕತ್ತಿಯ ಕಡೆಗೆ ಓಡಿದರೆ, ಅದಕ್ಕೆ ಹೊಣೆ ಯಾರು? ಗುಂಡಿಗೆ, ಮೂತ್ರಪಿಂಡ ಉಳಿಯುವುದು ಮುಖ್ಯವೋ, ಕೆನ್ನೆ ಗುಂಡಗಿರುವುದು ಮುಖ್ಯವೋ?

ಆದ್ದರಿಂದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟು. ತೂಕ ಇಳಿಸಬೇಕಾದವರು ವೈದ್ಯರ ಕಣ್ಣಳತೆಯಲ್ಲಿ, ಸಾವಕಾಶವಾಗಿ ಇಳಿಸಲಿ. ಮುಖಕ್ಕೆ ಹೆದರಿ ನಡುವೆ ಬಿಡದಿರಲಿ. ತಿಂಗಳಿಗೊಮ್ಮೆ ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಆರು ತಿಂಗಳು ಆ ಅಂಕಿ ಒಂದೇ ಆಗಿ ನಿಂತ ಮೇಲೂ ಮುಖ ಮನಸ್ಸಿಗೆ ಒಪ್ಪದಿದ್ದರೆ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಪಡೆದವರನ್ನು ಸಂಕೋಚವಿಲ್ಲದೆ ಕಾಣಲಿ. ತೂಕ ಎಷ್ಟು ತಿಂಗಳಿನಿಂದ ನಿಂತಿದೆ, ಯಾವ ಚುಚ್ಚುಮದ್ದು ನಡೆದಿದೆ ಎಂದು ಕೇಳದೆ ಮುಂಗಡ ಹಣ ಕೇಳುವ ಕಡೆಯಿಂದ ಎದ್ದು ಬರಲಿ. ಉಳಿದ ನಾವು, ಮುಂದಿನ ಸಮಾರಂಭದಲ್ಲಿ ಇಳಿದವರನ್ನು ಕಂಡಾಗ ಮುಖದ ಮಾತೆತ್ತದೆ, ಚೆನ್ನಾಗಿದ್ದೀರಾ ಎಂದಷ್ಟೇ ಕೇಳೋಣ.