ಐ7ಗೆ 15,000 ಹೆಚ್ಚು ಕೊಡಬೇಕೇ?

ಪ್ಲಸ್ ಟು ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಎಷ್ಟೋ ಮಕ್ಕಳು ತಲಪಾಡಿ ದಾಟಿ ಮಂಗಳೂರಿನ ಕಾಲೇಜುಗಳಿಗೆ ಹೋಗುತ್ತಾರೆ. ಹಣ ಕೊಡುವವರು ಹೆಚ್ಚಾಗಿ ಗಲ್ಫಿನಲ್ಲಿರುವ ಉಪ್ಪ, ಮಾಮ ಅಥವಾ ಅಣ್ಣ. ಯಾವುದು ಬೇಕೆಂದು ಅವರು ಫೋನಿನಲ್ಲಿ ಕೇಳಿದರೆ ಮನೆಯಿಂದ ಒಂದೇ ಉತ್ತರ: "ಐ7 ತೆಗೆಯಿರಿ, ಅದಕ್ಕಿಂತ ಕಡಿಮೆಯದ್ದು ಬೇಡ." ಯಾವ ಕೋರ್ಸಿಗೆ, ಯಾವ ಕೆಲಸಕ್ಕೆ ಎಂದು ಕೇಳುವವರು ಕಡಿಮೆ. ಮದುವೆ ಹಾಲ್‌ನ ಹೆಸರಿನ ಹಾಗೆ ಐ7 ಕೂಡ ಅಂತಸ್ತಿನ ಮಾತಾಗಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಹೆಚ್ಚಿನ ಮನೆಗಳಿಗೆ ಪ್ರೊಸೆಸರ್ ಹೆಸರಿಗೆ ಕೊಡುವ ಈ ಹೆಚ್ಚುವರಿ ಹಣ ದಂಡ. ಕೆಲವರಿಗೆ ಮಾತ್ರ ಅದು ಸರಿಯಾದ ಖರ್ಚು. ಯಾರಿಗೆ ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

2022ರಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನ ಎರಡು ಪ್ರೊಸೆಸರ್ ತೆಗೆದುಕೊಳ್ಳಿ: ಐ5-1235ಯು ಮತ್ತು ಐ7-1255ಯು. ಎರಡರಲ್ಲೂ ಕೋರ್‌ಗಳು ಹತ್ತೇ. ಎರಡು ದೊಡ್ಡವು, ಎಂಟು ಸಣ್ಣವು. ಒಳಗಿನ ಕ್ಯಾಶ್ ಮೆಮೊರಿ ಎರಡಕ್ಕೂ 12 ಎಂಬಿ. ಎರಡೂ 15 ವ್ಯಾಟ್‌ನ ವರ್ಗಕ್ಕೆ ಸೇರಿದವು. ಗರಿಷ್ಠ ವೇಗ ಐ5ಗೆ 4.4 ಗಿಗಾಹರ್ಟ್ಸ್, ಐ7ಗೆ 4.7. ಅಂದರೆ ವ್ಯತ್ಯಾಸ ಶೇಕಡಾ 7ರಷ್ಟು. ಐ5ನಲ್ಲಿ ಒಂದು ಗಂಟೆ ಹಿಡಿಯುವ ಕೆಲಸ ಐ7ನಲ್ಲಿ 56 ನಿಮಿಷಕ್ಕೆ ಮುಗಿದೀತು. ಅದೂ ಆ ಗರಿಷ್ಠ ವೇಗ ಕೊನೆಯ ತನಕ ನಿಂತರೆ ಮಾತ್ರ.

ಅದು ನಿಲ್ಲುವುದಿಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಎಂಜಿನ್ ಎಷ್ಟು ದೊಡ್ಡದು ಎನ್ನುವುದರ ಜೊತೆಗೆ ಅದರ ಬಿಸಿ ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕು ಎನ್ನುವುದು ನಮಗೆ ಕಲಿಸಿದ ಪಾಠ. ಪ್ರೊಸೆಸರ್ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ತೆಳುವಾದ ಲ್ಯಾಪ್‌ಟಾಪಿನ ಒಳಗೆ ಒಂದು ಸಣ್ಣ ಫ್ಯಾನ್, ಹೊರಗೆ ನಮ್ಮ ಕರಾವಳಿಯ ಏಪ್ರಿಲ್ ಸೆಖೆ. ಹತ್ತು ನಿಮಿಷ ಭಾರದ ಕೆಲಸ ಕೊಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ವೇಗಕ್ಕೆ ಇಳಿಯುತ್ತವೆ. ಅದೇ ತಲೆಮಾರಿನ ಐ5-12450ಎಚ್ 45 ವ್ಯಾಟ್ ವರ್ಗದ್ದು. ಅದರಲ್ಲಿ ದೊಡ್ಡ ಕೋರ್‌ಗಳು ನಾಲ್ಕು. ಒಳ್ಳೆಯ ಫ್ಯಾನ್ ಇರುವ ದಪ್ಪ ಲ್ಯಾಪ್‌ಟಾಪಿನಲ್ಲಿ ಈ ಐ5, ತೆಳು ಲ್ಯಾಪ್‌ಟಾಪಿನ ಐ7 ಅನ್ನು ದೀರ್ಘ ಕೆಲಸದಲ್ಲಿ ಹಿಂದೆ ಹಾಕುವುದುಂಟು. ಆದ್ದರಿಂದ ಹೆಸರಿನ ಕೊನೆಯಲ್ಲಿರುವ 'ಯು' ಅಥವಾ 'ಎಚ್' ಅಕ್ಷರವನ್ನೂ ನೋಡಿ.

ಎಎಂಡಿಯಲ್ಲಿ ಇನ್ನೊಂದು ಗೊಂದಲ ಇದೆ. ರೈಜನ್ 5 7520ಯು ಮತ್ತು ರೈಜನ್ 5 7530ಯು ನೋಡಲು ಅಣ್ಣತಮ್ಮಂದಿರ ಹಾಗಿವೆ. ಮೊದಲನೆಯದು ನಾಲ್ಕು ಕೋರ್‌ನದ್ದು, ಹಳೆಯ ಜೆನ್ 2 ವಿನ್ಯಾಸ. ಎರಡನೆಯದು ಆರು ಕೋರ್‌ನದ್ದು, ಜೆನ್ 3. ಈ ಸಾಲಿನಲ್ಲಿ ಮೂರನೇ ಅಂಕಿ ವಿನ್ಯಾಸದ ವಯಸ್ಸು ಹೇಳುತ್ತದೆ. ಅಂಗಡಿಯ ಚೀಟಿಯಲ್ಲಿ ಬರೀ "ರೈಜನ್ 5" ಎಂದಿದ್ದರೆ ಪೂರ್ತಿ ಸಂಖ್ಯೆ ಕೇಳಿ.

ಹಾಗಾದರೆ ಎಲ್ಲರೂ ಅತಿ ಅಗ್ಗದ್ದನ್ನೇ ತೆಗೆಯಬೇಕೇ? ಇಲ್ಲ. ಅದೇ ತಲೆಮಾರಿನ ಐ3-1215ಯುನಲ್ಲಿ ಕೋರ್‌ಗಳು ಆರು. ಆರರಿಂದ ಹತ್ತಕ್ಕೆ ಏರುವುದು ನಿಜವಾದ ಮೆಟ್ಟಿಲು, ಅದಕ್ಕೆ ಹಣ ಕೊಟ್ಟರೆ ತಪ್ಪಿಲ್ಲ. ಅಲ್ಲಿಂದ ಮೇಲೆ ಹತ್ತರಿಂದ ಹತ್ತಕ್ಕೆ ಹೋಗಲು 15,000 ಕೊಡುವುದನ್ನೇ ನಾನು ಪ್ರಶ್ನಿಸುತ್ತಿರುವುದು.

ಬಿ.ಕಾಂ, ಬಿ.ಎಡ್, ನರ್ಸಿಂಗ್ ಓದುವ ಮಕ್ಕಳ ಕೆಲಸ ವರ್ಡ್, ಎಕ್ಸೆಲ್, ಟ್ಯಾಲಿ, ಬ್ರೌಸರ್, ವೀಡಿಯೊ ಪಾಠ. ಇವುಗಳಲ್ಲಿ ಲ್ಯಾಪ್‌ಟಾಪ್ ನಿಧಾನವಾದರೆ ಹೆಚ್ಚಿನ ಸಲ ಕಾರಣ ರ್‍ಯಾಮ್ ಸಾಲದಿರುವುದು ಅಥವಾ ಹಳೆಯ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಇರುವ ಐ7ಗಿಂತ ಎಸ್ಎಸ್‌ಡಿ ಇರುವ ಐ3 ಬೇಗ ತೆರೆದುಕೊಳ್ಳುತ್ತದೆ. 8 ಜಿಬಿ ರ್‍ಯಾಮ್‌ನ ಐ7 ಮತ್ತು 16 ಜಿಬಿಯ ಐ5 ಒಂದೇ ಬೆಲೆಗೆ ಸಿಗುವುದಾದರೆ ಕಣ್ಣು ಮುಚ್ಚಿ ಐ5 ತೆಗೆಯಿರಿ.

ಎಂಜಿನಿಯರಿಂಗ್ ಮಕ್ಕಳಲ್ಲೂ ಭೇದವಿದೆ. ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವ ಕೆಲಸ ಬಹುಪಾಲು ಒಂದೇ ಕೋರ್ ಮೇಲೆ ನಡೆಯುತ್ತದೆ, ಉಳಿದ ಕೋರ್‌ಗಳು ಸುಮ್ಮನಿರುತ್ತವೆ. ಆನ್ಸಿಸ್‌ನಲ್ಲಿ ವಿಶ್ಲೇಷಣೆ, ಕಟ್ಟಡದ ಚಿತ್ರ ರೆಂಡರ್ ಮಾಡುವುದು, ದೊಡ್ಡ ವೀಡಿಯೊ ಎಡಿಟಿಂಗ್, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದು, ಇವು ಎಷ್ಟು ಕೋರ್ ಕೊಟ್ಟರೂ ಬಳಸುತ್ತವೆ. ಇಂಥ ಕೆಲಸ ದಿನವೂ ಇದ್ದರೆ, ಅದರಲ್ಲೂ ಮದುವೆ ವೀಡಿಯೊ ಮಾಡಿ ಸಂಪಾದಿಸುವ ಹುಡುಗನಾದರೆ, ಒಳ್ಳೆಯ 'ಎಚ್' ಪ್ರೊಸೆಸರ್‌ಗೆ ಹಣ ಕೊಡಲಿ. ಅವನಿಗೆ ಅದು ಬಂಡವಾಳ.

ಪರೀಕ್ಷಿಸುವುದು ಸುಲಭ. ಈಗಿರುವ ಅಥವಾ ಗೆಳೆಯನ ಲ್ಯಾಪ್‌ಟಾಪಿನಲ್ಲಿ ನಿಮ್ಮ ಕೆಲಸ ಮಾಡುತ್ತಾ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಕಾಯಬೇಕಾದ ಹೊತ್ತಿನಲ್ಲಿ ಮೆಮೊರಿ ತುಂಬಿದ್ದರೆ ರ್‍ಯಾಮ್ ಬೇಕು. ಡಿಸ್ಕ್ 100 ತೋರಿಸಿದರೆ ಎಸ್ಎಸ್‌ಡಿ ಬೇಕು. ಸಿಪಿಯು ಬಹಳ ಹೊತ್ತು 100ರ ಹತ್ತಿರ ನಿಂತರೆ ಆಗ ಪ್ರೊಸೆಸರ್ ಮಾತಾಡೋಣ.

"ರ್‍ಯಾಮ್ ಆಮೇಲೆ ಹಾಕಬಹುದು, ಪ್ರೊಸೆಸರ್ ಬದಲಿಸಲಾಗದು, ಹಾಗಾಗಿ ಈಗಲೇ ದೊಡ್ಡದು ತೆಗೆಯಬೇಕು" ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಬೋರ್ಡಿಗೆ ಬೆಸುಗೆ ಹಾಕಿಯೇ ಬರುತ್ತದೆ. ಆದರೆ ಈಗ ಹಲವು ಮಾಡೆಲುಗಳಲ್ಲಿ ರ್‍ಯಾಮ್ ಕೂಡ ಹಾಗೆಯೇ ಬರುತ್ತದೆ. ಮೇಲೆ ಹೇಳಿದ 7520ಯು ಇರುವವೂ ಹಾಗೆಯೇ. ಕೊಳ್ಳುವಾಗ ಖಾಲಿ ಸ್ಲಾಟ್ ಇದೆಯೇ ಎಂದು ಕೇಳದಿದ್ದರೆ "ಆಮೇಲೆ" ಎನ್ನುವುದು ಬರುವುದೇ ಇಲ್ಲ.

ಐ7 ಆದರೆ ಹೆಚ್ಚು ವರ್ಷ ಬಾಳುತ್ತದೆ ಎಂಬ ಮಾತೂ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ 8ನೇ ತಲೆಮಾರಿನ ಐ3ಗೆ ಜಾಗವಿದೆ, 7ನೇ ತಲೆಮಾರಿನ ಬಹುತೇಕ ಐ7ಗಳಿಗೆ ಇಲ್ಲ. ಬಾಳಿಕೆ ನಿರ್ಧಾರವಾದದ್ದು ತಲೆಮಾರಿನಿಂದ. ಗಲ್ಫಿನಿಂದ ಯಾರೋ "ಐ7 ಇದೆ, ಕಡಿಮೆಗೆ ಕೊಡುತ್ತೇನೆ" ಎಂದು ಹಳೆಯದನ್ನು ತೋರಿಸಿದರೆ ಮೊದಲು ಕೇಳಬೇಕಾದದ್ದು ಇದನ್ನೇ. ಹೊಸದೇ ತರುವುದಾದರೂ, 18 ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು ನಿಜ, ಆದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಲಿ. ಮನೆಯಲ್ಲಿ ಈಗಾಗಲೇ ಹಳೆಯದು ಇದ್ದರೆ ಎಸೆಯಬೇಡಿ. ಕೇರಳದ ಶಾಲೆಗಳಲ್ಲಿ ಕಲಿತ ನಮ್ಮ ಮಕ್ಕಳಿಗೆ ಕೈಟ್ ಗ್ನು/ಲಿನಕ್ಸ್ ಹೊಸದಲ್ಲ. ಎಸ್ಎಸ್‌ಡಿ ಹಾಕಿ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ನಡೆಯುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ ಗಿಗಾಹರ್ಟ್ಸ್ ಅಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಣ್ಣನಿಗೆ ಐ7 ಬರುತ್ತದೆ, ತಂಗಿಗೆ ಮೊಬೈಲ್ ಸಾಕೆನ್ನುತ್ತಾರೆ. ಅವಳು ಅಸೈನ್‌ಮೆಂಟನ್ನು ಫೋನಿನಲ್ಲೇ ಟೈಪ್ ಮಾಡುತ್ತಾಳೆ, ಅಣ್ಣ ಮಲಗಿದ ಮೇಲೆ ಅವನ ಲ್ಯಾಪ್‌ಟಾಪಿನಲ್ಲಿ ತಿದ್ದುತ್ತಾಳೆ. ಹುಡುಗಿಯರು ಓದಬೇಕು ಎಂದು ವೇದಿಕೆಗಳಲ್ಲಿ ನಾವು ಹೇಳುತ್ತೇವೆ. ಹಣ ಹಂಚುವಾಗ ಆ ಮಾತು ನೆನಪಿರುವುದಿಲ್ಲ. ಅಣ್ಣನಿಗೆ ಶೇಕಡಾ 7 ವೇಗ ಕೊಡುವ ಆ 15,000ಕ್ಕೆ ಸ್ವಲ್ಪ ಸೇರಿಸಿದರೆ ತಂಗಿಗೆ ರಿಪೇರಿ ಮಾಡಿ ಮಾರುವ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬರುತ್ತದೆ. ಏನೂ ಇಲ್ಲದವಳಿಗೆ ಒಂದು ಸಿಕ್ಕರೆ ಅದರ ಲಾಭ ಎಷ್ಟು ಶೇಕಡಾ ಎಂದು ಲೆಕ್ಕ ಹಾಕಲು ಬರುವುದಿಲ್ಲ.

ನಾನು ಅಂಗಡಿಕಾರನ ಮಗ. ಗಿರಾಕಿ ಹೆಚ್ಚು ಬೆಲೆಯದ್ದು ಕೇಳಿದರೆ ಯಾವ ಅಂಗಡಿಯವರೂ ಬೇಡ ಎನ್ನುವುದಿಲ್ಲ. ಕೇಳುವ ಜವಾಬ್ದಾರಿ ನಮ್ಮದೇ. ಈ ಸಲ ಮಗ ಐ7 ಬೇಕೆಂದರೆ ಉಪ್ಪ, ಉಮ್ಮ ಒಂದೇ ಪ್ರಶ್ನೆ ಕೇಳಲಿ: ಯಾವ ಸಾಫ್ಟ್‌ವೇರ್ ನಿನ್ನನ್ನು ಕಾಯಿಸುತ್ತಿದೆ? ಹೆಸರು ಹೇಳಿದರೆ ಸಂತೋಷದಿಂದ ಕೊಡಿಸಿ. ಹೇಳದಿದ್ದರೆ 16 ಜಿಬಿಯ ಐ5 ಕೊಡಿಸಿ, ಉಳಿದ ಹಣವನ್ನು ಮಗಳ ಹೆಸರಿಗೆ ಎತ್ತಿಡಿ.