ಸರ್ವಾಧಿಕಾರಿ ನಿರ್ಗಮಿಸಿದ ಬಳಿಕ

ಮುಸ್ಲಿಮರಿಗೂ ಪ್ರಜಾತಂತ್ರಕ್ಕೂ ಕೂಡಿಬರುವುದಿಲ್ಲ ಎಂಬ ಮಾತು 2013ರಲ್ಲಿ ಈಜಿಪ್ಟಿನ ಸೇನೆಯು ಚುನಾಯಿತ ಅಧ್ಯಕ್ಷ ಮುಹಮ್ಮದ್ ಮುರ್ಸಿಯವರನ್ನು ಪದಚ್ಯುತಗೊಳಿಸಿದಾಗ ಬಲವಾಗಿ ಕೇಳಿಬಂತು. 2021ರಲ್ಲಿ ಟ್ಯುನೀಶಿಯದ ಅಧ್ಯಕ್ಷ ಕೈಸ್ ಸಈದ್ ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಅದು ಮರುಕಳಿಸಿತು. ನಮ್ಮವರಲ್ಲೂ ಕೆಲವರು ಇದಕ್ಕೆ ತಲೆದೂಗುತ್ತಾರೆ. ಆದರೆ ಹೋಲಿಸುವುದೇ ಆದರೆ ಅರಬ್ ನಾಡುಗಳಲ್ಲಿಯೇ ಏಕೆ ನಿಲ್ಲಬೇಕು?

ರಶ್ಯದಲ್ಲಿ 1992ರ ಜನವರಿ 2ರಂದು ಬೆಲೆ ನಿಯಂತ್ರಣವನ್ನು ಏಕಾಏಕಿ ತೆಗೆಯಲಾಯಿತು. ಆ ವರ್ಷ ಹಣದುಬ್ಬರ ಸುಮಾರು ಶೇ. 2,500ಕ್ಕೇರಿ, ಜನರು ಜೀವಮಾನವಿಡೀ ಕೂಡಿಟ್ಟ ಉಳಿತಾಯ ಕರಗಿಹೋಯಿತು. 1993ರಲ್ಲಿ ಯೆಲ್ತ್ಸಿನ್ ಸಂಸತ್ ಭವನದ ಮೇಲೆ ಟ್ಯಾಂಕುಗಳಿಂದ ಗುಂಡಿನ ಮಳೆಗರೆದಾಗ ಪ್ರಜಾತಂತ್ರದ ಪಾಠ ಹೇಳುವ ಪಾಶ್ಚಾತ್ಯ ರಾಷ್ಟ್ರಗಳು ಅವರ ಬೆನ್ನಿಗೆ ನಿಂತವು. 1995ರಲ್ಲಿ ತೈಲ ಮತ್ತು ನಿಕ್ಕಲ್ ಕಂಪೆನಿಗಳು ಬೆರಳೆಣಿಕೆಯ ಬ್ಯಾಂಕ್ ಒಡೆಯರ ಪಾಲಾದವು. 1990ರಲ್ಲಿ ಸುಮಾರು 64 ವರ್ಷವಿದ್ದ ಗಂಡಸರ ಸರಾಸರಿ ಆಯುಷ್ಯ 1994ರಲ್ಲಿ 58ಕ್ಕಿಂತಲೂ ಕೆಳಗಿಳಿಯಿತು. ಇಷ್ಟೆಲ್ಲ ಅನುಭವಿಸಿದ ಜನತೆ ಮತದಾನಕ್ಕಿಂತ ಬಲಿಷ್ಠ ನಾಯಕನೇ ಲೇಸೆಂದು ಭಾವಿಸಿದ್ದರಲ್ಲಿ ಅಚ್ಚರಿಯೇನು? ಇಲ್ಲಿ ಇಸ್ಲಾಮನ್ನು ಆರೋಪಿ ಸ್ಥಾನದಲ್ಲಿ ನಿಲ್ಲಿಸುವಂತಿಲ್ಲ. ಪೋಲೆಂಡ್ ಕೂಡ 1990ರಲ್ಲಿ ಇಂತಹುದೇ ಕಹಿ ಔಷಧ ಕುಡಿಯಿತಾದರೂ, ಮರುವರ್ಷ ಸಾಲ ಕೊಟ್ಟ ಸರಕಾರಗಳು ಅದರ ಸಾಲದ ಅರ್ಧದಷ್ಟು ಹೊರೆ ಇಳಿಸಲು ಒಪ್ಪಿದವು.

ಇನ್ನು, ಜಗತ್ತಿನಲ್ಲೇ ಅತ್ಯಧಿಕ ಮುಸ್ಲಿಮರಿರುವ ಇಂಡೋನೇಶ್ಯ. ಮೂವತ್ತು ವರ್ಷಕ್ಕೂ ಮಿಕ್ಕಿ ಆಳಿದ ಸುಹಾರ್ತೋರನ್ನು ಕೆಳಗಿಳಿಸಿದ್ದು ಏಶ್ಯದ ಆರ್ಥಿಕ ಬಿಕ್ಕಟ್ಟು. ಡಾಲರೊಂದಕ್ಕೆ ಸುಮಾರು 2,400 ಇದ್ದ ರುಪಿಯಾ 1998ರ ಆರಂಭದಲ್ಲಿ 10,000ವನ್ನೂ ದಾಟಿತು. ಆ ಮೇ ತಿಂಗಳಲ್ಲಿ ಚೀನೀ ಮೂಲದ ಅಲ್ಪಸಂಖ್ಯಾತರ ಅಂಗಡಿಗಳಿಗೆ ಬೆಂಕಿ ಬಿತ್ತು, ಅವರ ಮಹಿಳೆಯರ ಮೇಲೆ ಅತ್ಯಾಚಾರಗಳಾದವು. ಮುಸ್ಲಿಮ್ ಬಹುಸಂಖ್ಯಾತ ನಾಡಿನಲ್ಲಿ ನಡೆಯಿತೆಂಬ ಕಾರಣಕ್ಕೆ ನಾವದನ್ನು ಮರೆಮಾಚಬಾರದು. ಆದರೆ ಅದೇ ವರ್ಷ ಬಡ ಕುಟುಂಬಗಳಿಗೆ ಅಗ್ಗದ ಅಕ್ಕಿ ವಿತರಿಸುವ ಯೋಜನೆಯೂ ಆರಂಭವಾಯಿತು. 1999ರಲ್ಲಿ ಮುಕ್ತ ಚುನಾವಣೆ ನಡೆದು, ನಹ್ದತುಲ್ ಉಲಮಾದ ನಾಯಕ ಅಬ್ದುರ್ರಹ್ಮಾನ್ ವಾಹಿದ್ ಅಧ್ಯಕ್ಷರಾದರು. 2004ರ ಹೊತ್ತಿಗೆ ಸಂಸತ್ತಿನಲ್ಲಿ ಸೇನೆಗೆ ಮೀಸಲಿದ್ದ ಸ್ಥಾನಗಳೂ ಇಲ್ಲವಾದವು. ಅನ್ನ ಮತ್ತು ಬಂದೂಕು, ಈ ಎರಡು ವಿಷಯಗಳನ್ನೂ ಅವರು ಮುಂದೂಡಲಿಲ್ಲ.

ಈಜಿಪ್ಟಿನಲ್ಲಿ ಹಾಗಾಗಲಿಲ್ಲ. ಅಲ್ಲಿನ ಆಡುಮಾತಿನಲ್ಲಿ ರೊಟ್ಟಿಗೆ 'ಐಶ್' ಎನ್ನುತ್ತಾರೆ. ಆ ಪದಕ್ಕೆ ಬದುಕು ಎಂಬ ಅರ್ಥವೂ ಇದೆ. 2011ರಲ್ಲಿ ತಹ್ರೀರ್ ಚೌಕದಲ್ಲಿ ಮೊಳಗಿದ ಘೋಷಣೆಯ ಮೊದಲ ಪದವೇ ಅದು. ಸ್ವಾತಂತ್ರ್ಯ, ಸಾಮಾಜಿಕ ನ್ಯಾಯಗಳು ಅದರ ನಂತರದವು. ಆದರೆ ಕುಡಿಯುವ ನೀರಿನ ಬಾಟಲಿಯಿಂದ ಹಿಡಿದು ಸಿಮೆಂಟಿನವರೆಗೆ ವ್ಯಾಪಾರ ನಡೆಸುವ ಸೇನೆಯ ಲೆಕ್ಕಪತ್ರ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮುರ್ಸಿಯವರ ಕಾಲದ 2012ರ ಸಂವಿಧಾನವೇ ಸೇನಾ ಬಜೆಟನ್ನು ಸಂಸತ್ತಿನ ಕೈಗೆ ಕೊಡದೆ ರಕ್ಷಣಾ ಮಂಡಳಿಗೆ ಬಿಟ್ಟಿತ್ತು. ಟ್ಯುನೀಶಿಯದಲ್ಲಾದರೋ ಸಂವಿಧಾನ ಉತ್ತಮವಾಗಿಯೇ ಇತ್ತು. ಸರಕಾರಗಳು ಒಂದರ ಹಿಂದೊಂದು ಬದಲಾದವು, ನಿರುದ್ಯೋಗ ಬದಲಾಗಲಿಲ್ಲ. ಸಂಸತ್ತಿನ ಬಾಗಿಲು ಮುಚ್ಚಿದ ರಾತ್ರಿ ಬೀದಿಗಿಳಿದು ಸಂಭ್ರಮಿಸಿದ ಯುವಕರನ್ನು ದೂಷಿಸುವ ಮುನ್ನ ಇದನ್ನು ನೆನೆಯಬೇಕು.

ಹಾಗೆಂದು ಇಂಡೋನೇಶ್ಯ ದಡ ಸೇರಿತೆಂದು ನಾವು ಹೇಳಲಾರೆವು. ಸುಹಾರ್ತೋರ ಮಾಜಿ ಅಳಿಯನೂ ಮಾಜಿ ಸೇನಾಧಿಕಾರಿಯೂ ಆದ ಪ್ರಬೋವೋ 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರಾದರು. 2025ರ ಮಾರ್ಚ್‌ನಲ್ಲಿ, ಸೇವೆಯಲ್ಲಿರುವ ಸೇನಾಧಿಕಾರಿಗಳಿಗೆ ಇನ್ನಷ್ಟು ನಾಗರಿಕ ಹುದ್ದೆಗಳನ್ನು ತೆರೆದಿಡುವ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದನ್ನು ವಿರೋಧಿಸಿ ಬೀದಿಗಿಳಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸುಹಾರ್ತೋ ಆಡಳಿತ ಕೊನೆಗೊಂಡ ಬಳಿಕ ಹುಟ್ಟಿದವರು.